ಕೈತಪ್ಪಿ ಒತ್ತಿದ್ದು

ಜನವರಿ ೧೨

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಬದುಕಿದ್ದೇವೆ. ನಿನ್ನ ಕಿವಿಗಳು ರಾಜೀನಾಮೆ ಕೊಟ್ಟಾಗಿನಿಂದ ಫೋನಿನಲ್ಲಿ ನಾನು ‘ಮಂಡಿ ನೋವು’ ಎಂದರೆ ನೀನು ‘ಯಾರ ಸಾವು?’ ಎಂದು ಅಳುವುದಕ್ಕೆ ಶುರುಮಾಡುತ್ತೀಯೆ. ಅದಕ್ಕಿಂತ ಕಾಗದವೇ ವಾಸಿ. ಕಾಗದಕ್ಕೆ ಕಿರುಚಬೇಕಾಗಿಲ್ಲ.

ಸುದ್ದಿ ಏನೆಂದರೆ, ನನಗೆ ಕೆಲಸ ಸಿಕ್ಕಿದೆ. ಇಳಿವಯಸ್ಸಿನಲ್ಲಿ ಏರುವ ಕಂಪನಿಗೆ ಸೇರಿದ್ದೇನೆ: ಲಿಫ್ಟ್ ಕಂಪನಿ. ನಗಬೇಡ, ಹೇಗೆ ಸಿಕ್ಕಿತು ಕೇಳು. ಕಳೆದ ತಿಂಗಳು ನಮ್ಮ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ನನ್ನನ್ನು ಇಟ್ಟುಕೊಂಡು ನಿಂತುಬಿಟ್ಟಿತು. ಕೈಯಲ್ಲಿ ಹಾಲಿನ ಪೊಟ್ಟಣ. ಕೆಂಪು ಗುಂಡಿ ಒತ್ತಿದೆ. ಅದನ್ನು ಒತ್ತಿದರೆ ಕಂಪನಿಯ ಸಹಾಯವಾಣಿಗೆ ಕರೆ ಹೋಗುತ್ತದೆ. ಅಲ್ಲೊಬ್ಬ ಹುಡುಗ, “ಸರ್, ಶಾಂತವಾಗಿರಿ” ಅಂದ. “ಅಪ್ಪಾ, ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು, ಶಾಂತಿ ಅನ್ನೋದನ್ನ ನೋಡೇ ಇಲ್ಲ. ಮೊದಲು ಈ ಹಾಲಿಗೆ ಶಾಂತವಾಗಿರೋಕೆ ಹೇಳು, ಅದು ಮೊಸರಾಗೋಕೆ ಹೊರಟಿದೆ” ಅಂದೆ. ಮೆಕ್ಯಾನಿಕ್ ಬರುವವರೆಗೂ ಹೀಗೇ ನಡೆಯಿತು. ಆ ಕರೆಗಳೆಲ್ಲ ರೆಕಾರ್ಡ್ ಆಗುತ್ತವಂತೆ. ಕಂಪನಿಯ ತರಬೇತಿ ಮೇಡಂ ಅದನ್ನು ಕೇಳಿ, ಕಣ್ಣೀರು ಬರುವಷ್ಟು ನಕ್ಕು, ನನ್ನನ್ನು ಕರೆಸಿಕೊಂಡರು.

ನನ್ನ ಕೆಲಸ ಸುಳ್ಳು ಗಿರಾಕಿಯದು. ತರಬೇತಿ ಕೋಣೆಯ ಮೂಲೆಯಲ್ಲಿ ಒಂದು ಸುಳ್ಳು ಲಿಫ್ಟ್ ನಿಲ್ಲಿಸಿದ್ದಾರೆ. ಅದು ಏರುವುದಿಲ್ಲ, ಇಳಿಯುವುದಿಲ್ಲ. ಬೀರುವಿಗೆ ಕನ್ನಡಿ, ಗುಂಡಿ, ದೀಪ ಹಚ್ಚಿದರೆ ಹೇಗಿರುತ್ತದೋ ಹಾಗಿದೆ. ನಾನು ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಗುಂಡಿ ಒತ್ತುತ್ತೇನೆ. ಹೊರಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಲ್ಲಿ ಒಬ್ಬರು ಕರೆ ತೆಗೆದುಕೊಳ್ಳಬೇಕು. ಎಷ್ಟು ಜನ ಇದ್ದೀರಿ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಬೇಕು. ಬಾಗಿಲನ್ನು ಬಲವಂತವಾಗಿ ತೆಗೆಯಬೇಡಿ ಎನ್ನಬೇಕು. ಮೆಕ್ಯಾನಿಕ್ ಮುಟ್ಟುವವರೆಗೆ ಫೋನ್ ಇಡದೆ ಮಾತಾಡುತ್ತಿರಬೇಕು. ನಾನು ಒಂದು ಸಲ ಬೈಯುವ ವಕೀಲ, ಇನ್ನೊಂದು ಸಲ ಅಳುವ ಮದುಮಗ, ಮತ್ತೊಂದು ಸಲ ಉಸಿರು ಕಟ್ಟುತ್ತಿರುವ ಮುದುಕ. ಕಾಲೇಜಿನ ನಾಟಕಗಳಲ್ಲಿ ನನಗೆ ಯಾವಾಗಲೂ ಬಾಗಿಲು ತೆಗೆಯುವ ಆಳಿನ ಪಾತ್ರ ಕೊಡುತ್ತಿದ್ದರಲ್ಲ, ಈಗ ಬಾಗಿಲು ತೆಗೆಯಲಾಗದ ಯಜಮಾನನ ಪಾತ್ರ. ಬಡ್ತಿ.

ಇನ್ನೊಂದು ತಮಾಷೆ. ‘ಸಂಸ್ಥೆಗಳು ನೌಕರರ ತರಬೇತಿಗೆ ಏಕೆ ಹಣ ಹೂಡುತ್ತವೆ? ಕಾರಣಗಳನ್ನು ವಿವರಿಸಿ’ ಎನ್ನುವ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಕೊಡುತ್ತಿದ್ದೆ. ಕೆಲಸ ಚುರುಕಾಗುತ್ತದೆ, ತಪ್ಪು ತಗ್ಗುತ್ತದೆ, ಅಪಘಾತ ಕಡಿಮೆಯಾಗುತ್ತದೆ, ನೌಕರ ಬಿಟ್ಟುಹೋಗುವುದಿಲ್ಲ, ಗಿರಾಕಿಯೂ ಬಿಟ್ಟುಹೋಗುವುದಿಲ್ಲ ಎಂದು ಹಳದಿ ಬಿದ್ದ ನೋಟ್ಸ್ ಓದಿ ಬರೆಸುತ್ತಿದ್ದೆ. ಆಗ ನಾನು ಒಂದು ಕಂಪನಿಯನ್ನೂ ಒಳಗಿನಿಂದ ನೋಡಿರಲಿಲ್ಲ. ಈಗ ಒಳಗಿದ್ದೇನೆ, ಎಷ್ಟು ಒಳಗೆ ಎಂದರೆ ಬೀರುವಿನ ಒಳಗೆ.

ಮೇಡಂ ಎರಡು ನಿಯಮ ಹಾಕಿದ್ದಾರೆ. ಒಂದು, ಎಂದೂ ನಿಜವಾದ ಲಿಫ್ಟಿನಿಂದ ಸುಳ್ಳು ಕರೆ ಮಾಡಕೂಡದು. ಎರಡು, ಪ್ರತಿ ಕರೆಯ ಕೊನೆಗೆ ನನ್ನ ಬಾಯಿಂದಲೇ ‘ಇದು ಅಭ್ಯಾಸ’ ಎಂದು ಹೇಳಿ ಮುಗಿಸಬೇಕು. ಅಲ್ಲಿಯವರೆಗೆ ಮಕ್ಕಳು ಫೋನ್ ಇಡುವಂತಿಲ್ಲ. ಮೇಡಂಗೆ ನಗು ಬರುತ್ತದೆ, ಆದರೆ ನಿಯಮದ ಮಾತು ಬಂದಾಗ ಬರುವುದಿಲ್ಲ.

ಮಕ್ಕಳಲ್ಲಿ ಒಬ್ಬಳ ದನಿ ಬಹಳ ಮೆತ್ತಗೆ. ನಾನು ಅವಳಿಗೆ ‘ಹತ್ತಿ’ ಎಂದು ಹೆಸರಿಟ್ಟಿದ್ದೇನೆ. ಲಿಫ್ಟ್ ಕಂಪನಿಗೆ ಇದಕ್ಕಿಂತ ತಕ್ಕ ಹೆಸರುಂಟೆ? ಉಳಿದವರೆಲ್ಲ ಹತ್ತಿ ಸಿಕ್ಕಿಕೊಂಡವರಾದರೆ, ಇವಳು ಹತ್ತಿಯಾಗಿಯೇ ಇಳಿಸುವವಳು. ಅವಳೂ ನಕ್ಕಳು. ಮನೆಯಲ್ಲಿ ಅಮ್ಮನ ಜೊತೆ ಅವಳೊಬ್ಬಳೇ ಇರುವುದು. ಇದು ಅವಳ ಮೊದಲ ಕೆಲಸ.

ನಿನ್ನ ತಮ್ಮ,
ದಿನಕ್ಕೆ ಐದಾರು ಸಲ ಉಸಿರು ಕಟ್ಟಿಯೂ ಆರೋಗ್ಯವಾಗಿರುವವ


ಜನವರಿ ೨೭

ತಮ್ಮಾ,

ನಿನ್ನ ಕಾಗದ ಓದಿ ಪಕ್ಕದ ಮನೆಯವಳು ಬಂದು ವಿಚಾರಿಸುವಷ್ಟು ಜೋರಾಗಿ ನಕ್ಕೆನಂತೆ. ನನಗೆ ಕೇಳಿಸಲಿಲ್ಲ, ಅವಳು ಹೇಳಿದ್ದು.

ನಕ್ಕಾದ ಮೇಲೆ ಒಂದು ಮಾತು. ಆಸ್ಪತ್ರೆಯಲ್ಲಿ ಹೊಸ ನರ್ಸ್‌ಗಳಿಗೆ ಕಲಿಸುವಾಗ ನಾನೂ ರೋಗಿಯಾಗಿ ಮಲಗಿದ್ದುಂಟು. ಮೊದಮೊದಲು ನಾನೂ ನಿನ್ನ ಹಾಗೇ, ‘ಅಯ್ಯೋ ಸತ್ತೆ’ ಎಂದು ಹೊರಳಾಡಿ ಹುಡುಗಿಯರನ್ನು ನಗಿಸುತ್ತಿದ್ದೆ. ಎಲ್ಲರಿಗೂ ನನ್ನ ಪಾಠವೇ ಬೇಕು. ಒಂದು ದಿನ ದೊಡ್ಡ ಡಾಕ್ಟರು ಬಂದು ನೋಡಿ, “ಸಿಸ್ಟರ್, ಇವರಿಗೆ ನೀವು ನೋವನ್ನ ಪರಿಚಯ ಮಾಡಿಸ್ತಿದ್ದೀರೋ, ನಿಮ್ಮನ್ನೋ?” ಅಂದರು. ಮೂರು ದಿನ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಸುಮ್ಮನೆ ಮಲಗಿ ನರಳುವುದನ್ನು ಕಲಿತೆ. ಅದು ಕಷ್ಟ ಕಣೋ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಿನಗೆ ಚಿಕ್ಕಂದಿನಿಂದ ಚಪ್ಪಾಳೆಯ ಚಟ. ಜ್ವರ ಬಂದಾಗಲೂ ನೋಡುವುದಕ್ಕೆ ಬಂದವರನ್ನು ನಗಿಸಿಯೇ ಮಾತ್ರೆ ನುಂಗುತ್ತಿದ್ದವನು ನೀನು. ಹುಷಾರು.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಬೀರುವಿನಲ್ಲಿ ಒಂದು ಸ್ಟೂಲ್ ಹಾಕಿಸಿಕೋ.

ನಿನ್ನ ಅಕ್ಕ


ಫೆಬ್ರುವರಿ ೧೬

ಅಕ್ಕಾ,

ಸ್ಟೂಲ್ ಬಂತು. ನಿನ್ನ ಉಪದೇಶವೂ ಬಂತು. ಸ್ಟೂಲಿನ ಮೇಲೆ ಕುಳಿತಿದ್ದೇನೆ, ಉಪದೇಶವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ.

ಮಕ್ಕಳೆಲ್ಲ ತರಬೇತಿ ಮುಗಿಸಿ ಮೇಲಿನ ಹಾಲ್‌ಗೆ ಹೋದರು. ಅಲ್ಲಿ ಉದ್ದನೆಯ ಮೇಜುಗಳು, ಪ್ರತಿಯೊಬ್ಬರಿಗೂ ಒಂದು ಪರದೆ, ಕಿವಿಗೊಂದು ಯಂತ್ರ. ನಿಜವಾದ ಕರೆಗಳು ಬರುವ ಜಾಗ. ನಾನು ಹೋದರೆ ಸಾಕು, “ಮೇಷ್ಟ್ರು ಬಂದ್ರು, ಲಿಫ್ಟ್ ಕೆಟ್ಟಿತು ಅಂತ ಅರ್ಥ” ಎಂದು ಗುಲ್ಲೆಬ್ಬಿಸುತ್ತಾರೆ. ಕ್ಯಾಂಟೀನಿನಲ್ಲಿ ಒಬ್ಬ ನನ್ನ ಉಸಿರು ಕಟ್ಟುವ ಮುದುಕನ ಅನುಕರಣೆ ಮಾಡುತ್ತಾನೆ. ನನಗಿಂತ ಚೆನ್ನಾಗಿ ಸಾಯುತ್ತಾನೆ, ಪಾಪಿ.

ಮೊದಲ ತಿಂಗಳು ಅವರಿಗೆ ಹಠಾತ್ ಪರೀಕ್ಷೆ ಇರುತ್ತದೆ. ನಿಜವಾದ ಕರೆಗಳ ನಡುವೆ ಎಂದೋ ಒಂದು ನನ್ನದು, ಬೀರುವಿನಿಂದ. ಮೇಡಂ ಪಕ್ಕದಲ್ಲಿ ನಿಂತು ನೋಡುತ್ತಾರೆ. ಎಲ್ಲರೂ ನನಗೆ ಮೋಸಹೋದರು, ಹತ್ತಿಯ ಹೊರತು. ಅವಳು ಮೊದಲ ಕೆಮ್ಮಿಗೇ ಹಿಡಿದುಬಿಟ್ಟಳು. ಆದರೂ ನಿಯಮದಂತೆ ಕೊನೆಯವರೆಗೂ ಮಾತಾಡಿಸಿ, ನಾನು ‘ಇದು ಅಭ್ಯಾಸ’ ಎಂದ ಮೇಲೆಯೇ ಇಟ್ಟಳು. ಕೆಳಗೆ ಬಂದು, “ಮೇಷ್ಟ್ರೇ, ನಿಮ್ಮ ಕೆಮ್ಮಿಗೆ ಕಾಲೇಜು ವಾಸನೆ ಇದೆ” ಅಂದಳು.

ನನಗೆ ರೋಷ ಬಂತು, ಅಕ್ಕ. ವಿದ್ಯಾರ್ಥಿನಿಯ ಕೈಲಿ ಸಿಕ್ಕಿಬೀಳುವುದೆಂದರೇನು? ಮೊನ್ನೆ ಮನೆಗೆ ಬಂದವನು ನಮ್ಮ ಕಟ್ಟಡದ ಲಿಫ್ಟಿನಲ್ಲೇ ನಿಂತು ಕೆಂಪು ಗುಂಡಿ ಒತ್ತಿದೆ. ನಿಜವಾದ ಲಿಫ್ಟು, ನಿಜವಾದ ಗುಂಡಿ. ಅವಳ ಪರದೆಯ ಮೇಲೆ ನಿಜವಾದ ಕಟ್ಟಡದ ಹೆಸರೇ ಬರಬೇಕು. ನನ್ನ ಅದೃಷ್ಟಕ್ಕೆ ಕರೆ ಅವಳಿಗೇ ಹೋಯಿತು. ನನ್ನ ಅತ್ಯುತ್ತಮ ಮುದುಕನನ್ನು ಹೊರತೆಗೆದೆ. “ಅಮ್ಮಾ... ಗಾಳಿ... ನನ್ನ ಉಯಿಲು ಬರ್ಕೋ... ಕೊಡೆ ನಾಯಿಗೆ, ನಾಯಿ ಹೆಂಡತಿಗೆ...” ಗೆದ್ದೆ ಎಂದುಕೊಂಡೆ. ಆ ಕಡೆಯಿಂದ ಹತ್ತಿಯಂಥದೇ ನಗು. “ಮೇಷ್ಟ್ರೇ, ಇಳಿದು ಮನೆಗೆ ಹೋಗಿ ಕಾಫಿ ಕುಡೀರಿ” ಎಂದು ಪಟ್ಟನೆ ಇಟ್ಟೇಬಿಟ್ಟಳು!

ಮರುದಿನ ಹುಡುಕಿಕೊಂಡು ಹೋಗಿ, “ಭೇಷ್! ಹೀಗಿರಬೇಕು ಕಿವಿ!” ಎಂದು ಎಲ್ಲರೆದುರು ಬೆನ್ನು ತಟ್ಟಿದೆ. ಅವಳು ಮೆಲ್ಲಗೆ, “ಮೇಷ್ಟ್ರೇ, ಆ ಕರೆ ಲೆಕ್ಕಕ್ಕೆ ಬಂದಿದೆ, ಏನಂತ ಬರೀಲಿ? ನಿಮ್ಮ ಹೆಸರು ಬರೆದ್ರೆ ಮೇಡಂ ಬೈತಾರೆ” ಅಂದಳು. ಯಾರಾದರೂ ಒರಗಿಕೊಂಡು, ಮಕ್ಕಳು ಆಟವಾಡಿ ಗುಂಡಿ ಒತ್ತಿದರೆ ಬರೆಯುವುದಕ್ಕೆ ಒಂದು ಸಾಲು ಇದೆ: ‘ಕೈತಪ್ಪಿ ಒತ್ತಿದ್ದು’. “ಅದನ್ನೇ ಬರೆದುಬಿಡು, ಸುಳ್ಳೇನಲ್ಲ, ನನ್ನ ಕೈ ಯಾವತ್ತೂ ತಪ್ಪೋದೇ” ಅಂದೆ. ಬರೆದಳು.

ಕಲಿಸುವವನಿಗೆ ಇದಕ್ಕಿಂತ ಸುಖ ಇನ್ನೇನು, ಹೇಳು? ಇಡೀ ವೃತ್ತಿಯಲ್ಲಿ ಒಬ್ಬನೂ ನನ್ನ ಪಾಠವನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ನಿನ್ನ ತಮ್ಮ,
ಸೋತು ಬೀಗುತ್ತಿರುವವ


ಮಾರ್ಚ್ ೨೨

ಅಕ್ಕಾ,

ಬರೆದು ತಿಂಗಳ ಮೇಲಾಯಿತು. ಇಲ್ಲಿ ಬಿಸಿಲು ಜೋರು. ಮಂಡಿ ಪರವಾಗಿಲ್ಲ. ನಮ್ಮವಳು ಅಡುಗೆಮನೆಗೆ ಹೊಸ ಬಣ್ಣ ಹೊಡೆಸಿದ್ದಾಳೆ, ಎಲೆಹಸಿರು. ಚೆನ್ನಾಗಿದೆ ಅನ್ನಬೇಕು, ಅನ್ನುತ್ತಿದ್ದೇನೆ.

ಕೆಲಸದ ಕಡೆ ಒಂದು ಅಹಿತಕರ ಘಟನೆ ನಡೆಯಿತು. ಒಂದು ಅಂಗಡಿ ಕಟ್ಟಡದಲ್ಲಿ, ರಜೆಯ ದಿನ ಮಧ್ಯಾಹ್ನ, ಕನ್ನಡಕದಂಗಡಿಯ ಯಜಮಾನರು ಏನೋ ಮರೆತದ್ದನ್ನು ತರುವುದಕ್ಕೆ ಹೋಗಿ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ನನ್ನ ವಯಸ್ಸಿನವರು, ಉಬ್ಬಸ ಇದೆ. ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ಗುಂಡಿ ಒತ್ತಿದರು. ಕರೆ ಹತ್ತಿಗೆ ಹೋಯಿತು. ಅವರು ಸ್ವಲ್ಪ ತಮಾಷೆಯ ಸ್ವಭಾವದವರಂತೆ. “ಅಮ್ಮಾ, ನಿಮ್ಮ ಪೆಟ್ಟಿಗೆ ನನ್ನನ್ನ ನುಂಗಿಬಿಟ್ಟಿದೆ, ಉಗುಳೋಕೆ ಹೇಳಿ” ಎಂದರಂತೆ, ಕೆಮ್ಮುತ್ತಾ. ಅವಳು ನಕ್ಕು, “ಈ ಸಲ ಕೆಮ್ಮು ಜಾಸ್ತಿ ಆಯ್ತು” ಎಂದು ಕರೆ ಇಟ್ಟಳು. ಕೈತಪ್ಪಿ ಒತ್ತಿದ್ದು ಎಂದು ಬರೆದಳು. ಅವರು ಮತ್ತೆ ಒತ್ತಲಿಲ್ಲ. ಒತ್ತುವ ಸ್ಥಿತಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಸಂಜೆ ಕಾವಲುಗಾರ ಬಂದಾಗ ಗೊತ್ತಾಯಿತು.

ಬದುಕಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಮೂಗಿಗೆ ನಳಿಕೆ ಇಟ್ಟುಕೊಂಡೇ ಇರಬೇಕಂತೆ. ಅಂಗಡಿ ಮುಚ್ಚಿದ್ದಾರೆ.

ವಿಚಾರಣೆ ನಡೆಯುತ್ತಿದೆ. ಹತ್ತಿಯನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. “ಯಾಕೆ ಇಟ್ಟೆ?” ಎಂದರೆ “ತಪ್ಪಾಯ್ತು” ಅನ್ನುತ್ತಾಳಂತೆ. ಬೇರೆ ಮಾತಿಲ್ಲ. ಕಟ್ಟಡದ ಸಂಘದವರು ಕಂಪನಿಯ ಮೇಲೆ ಬಿದ್ದಿದ್ದಾರೆ. ಅವರಿಗೆ ಉತ್ತರ ಕೊಡುವುದಕ್ಕೆ ಮೇಲಿನವರು ತರಬೇತಿ ವಿಭಾಗದಿಂದ ಒಂದು ಹೇಳಿಕೆ ಕೇಳಿದರು: ಈ ನೌಕರಳಿಗೆ ಪೂರ್ಣ ತರಬೇತಿ ಆಗಿದೆ, ಯಾವ ಕರೆಯನ್ನೂ ಮಧ್ಯೆ ಇಡಬಾರದೆಂದು ಸ್ಪಷ್ಟವಾಗಿ ಹೇಳಿಕೊಡಲಾಗಿದೆ ಎಂದು. ಹೇಳಿಕೊಟ್ಟಿದ್ದು ನಿಜವೇ. ಮೇಡಂ ರುಜು ಹಾಕಿದರು. ನಾನೂ ಹಾಕಿದೆ.

ನನ್ನ ಹಳೆಯ ನೋಟ್ಸಿನಲ್ಲಿ ಇಲ್ಲದ ಒಂದು ಕಾರಣ ಈಗ ಗೊತ್ತಾಯಿತು. ಏನಾದರೂ ಆದ ದಿನ ‘ನಾವು ಕಲಿಸಿದ್ದೆವು’ ಎಂದು ತೋರಿಸುವುದಕ್ಕೂ ಕಂಪನಿಗಳು ಕಲಿಸುತ್ತವೆ. ಹಣ ಹೂಡುವುದಕ್ಕೂ ಬಾಣ ಹೂಡುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಕ್ರಿಯಾಪದ ಎಂದು ಇಷ್ಟು ದಿನ ಹೊಳೆದೇ ಇರಲಿಲ್ಲ.

ಇರಲಿ. ನಿನ್ನ ಕಿವಿಯ ಹೊಸ ಯಂತ್ರ ಹೇಗಿದೆ?

ನಿನ್ನ ತಮ್ಮ


ಏಪ್ರಿಲ್ ೨

ತಮ್ಮಾ,

ಯಂತ್ರ ಚೆನ್ನಾಗಿದೆ. ಬಾಗಿಲು ಕಿರುಗುಟ್ಟುವುದು ಕೇಳಿಸುತ್ತದೆ, ಜನ ಆಡುವುದು ಕೇಳಿಸುವುದಿಲ್ಲ. ಅಡುಗೆಮನೆಯ ಬಣ್ಣದ ವಿಷಯ ಓದಿದೆ. ಬಾಣದ ವಿಷಯವನ್ನೂ ಓದಿದೆ. ಚೆನ್ನಾಗಿ ಬರೆದಿದ್ದೀಯೆ. ಅದೇ ನನಗೆ ಸರಿಬರಲಿಲ್ಲ.

ಕಿವುಡಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಹುಡುಗಿ, ಪರದೆಯ ಮೇಲೆ ನಿಜವಾದ ಕಟ್ಟಡದ ಹೆಸರು ಬಂದಿದ್ದರೂ, ಅದು ನೀನೇ ಎಂದು ಯಾಕೆ ತಿಳಿದಳು? ಬೀರುವಿನಿಂದ ಬಂದ ಕರೆಯನ್ನು ಕೊನೆಯವರೆಗೂ ಇಡದವಳು ಇದನ್ನು ಮಧ್ಯದಲ್ಲೇ ಯಾಕೆ ಇಟ್ಟಳು?

ಉತ್ತರ ನನಗೆ ಗೊತ್ತು, ಫೆಬ್ರುವರಿಯಲ್ಲಿ ನೀನೇ ಬರೆದಿದ್ದೆ. ವಿಚಾರಣೆಯವರಿಗೆ ಗೊತ್ತೇ ಎಂದು ಕೇಳುತ್ತಿದ್ದೇನೆ. ಅವಳು ನಿನ್ನ ಹೆಸರು ಹೇಳಿಲ್ಲ, ಅಲ್ಲವೇ? ನೀನು ಹೇಳಲಿ ಎಂದು ಕಾಯುತ್ತಿದ್ದಾಳೋ, ಹೇಳಬಾರದೆಂದು ಬಾಯಿ ಕಟ್ಟಿಕೊಂಡಿದ್ದಾಳೋ, ನನಗೆ ತಿಳಿಯದು. ಎರಡರಲ್ಲಿ ಯಾವುದಾದರೂ ನಿನಗೆ ಊಟ ಹೇಗೆ ಸೇರುತ್ತದೆ?

ನಿನ್ನ ಅಕ್ಕ


ಏಪ್ರಿಲ್ ೨೧

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಸಿಟ್ಟು ಬಂದಿದ್ದರೆ ಬೈದು ಬರೆ. ನಿನ್ನ ಬೈಗುಳ ಓದುವುದಕ್ಕೆ ಚೆನ್ನಾಗಿರುತ್ತದೆ.

ಸುಮ್ಮನಿರಬೇಡ. ನೀನು ಸುಮ್ಮನಿದ್ದರೆ ನನಗೆ ಭಯವಾಗುತ್ತದೆ.

ಅಕ್ಕ


ಮೇ ೫

ಅಕ್ಕಾ,

ಸಿಟ್ಟಲ್ಲ. ನಿನ್ನ ಕಾಗದಕ್ಕೆ ಏಳೆಂಟು ಸಲ ಉತ್ತರ ಬರೆದೆ. ಪ್ರತಿಯೊಂದರಲ್ಲೂ ಎಲ್ಲಾದರೂ ಒಂದು ಚಮತ್ಕಾರ ಬಂದು ಕೂರುತ್ತಿತ್ತು. ನಾನು ಅದನ್ನು ಓದಿ ನಾನೇ ಮೆಚ್ಚುತ್ತಿದ್ದೆ. ಹರಿದು ಹಾಕುತ್ತಿದ್ದೆ. ಈ ಸಲ ಬರುವುದು ಬರಲಿ ಎಂದು ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ: ವಿಚಾರಣೆಯವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ರುಜು ಹಾಕಿದ ದಿನ ಮೇಡಂ ನನ್ನ ಮುಖ ನೋಡಿ, “ಇಷ್ಟು ಚೆನ್ನಾಗಿ ಕಲಿತವಳು ಹೀಗೆ ಹೇಗೆ ಮಾಡಿದಳು, ಮೇಷ್ಟ್ರೇ?” ಎಂದು ಕೇಳಿದರು. ನಿಜ ಹೇಳುವುದಕ್ಕೆ ಬಾಗಿಲು ಅಷ್ಟು ಅಗಲ ತೆರೆದಿತ್ತು. ನಾನು, “ಈಗಿನ ಮಕ್ಕಳು...” ಅಂದೆ. ಆ ಎರಡು ಪದ ಅಂದೆ, ಅಕ್ಕ. ಇದನ್ನು ನಿನಗೆ ಬರೆಯುವುದಕ್ಕೆ ಎಷ್ಟು ಹಿಂಜರಿದೆ ಎಂದು ಹೇಳಲಾರೆ.

ಹತ್ತಿಯನ್ನು ತೆಗೆದುಹಾಕಲಿಲ್ಲ. ಮೇಡಂ ಹೋರಾಡಿದರು. “ಇಷ್ಟು ಕಲಿಸಿ ಬಿಸಾಕಿದರೆ ಕಲಿಸಿದ್ದೂ ಹೋಯ್ತು, ಹುಡುಗಿಯೂ ಹೋದಳು. ಹೊಸಬರನ್ನ ತಂದು ಮೊದಲಿಂದ ಶುರುಮಾಡೋ ಬದಲು ಇವಳಿಗೇ ಇನ್ನೊಂದು ಸಲ ಹೇಳಿಕೊಡೋಣ” ಎಂದು ಮೇಲಿನವರನ್ನು ಒಪ್ಪಿಸಿದರು. ಮೇಲಿನವರಿಗೂ ‘ನೌಕರಳಿಗೆ ಮರುತರಬೇತಿ ನೀಡಲಾಗುತ್ತಿದೆ’ ಎಂದು ಸಂಘಕ್ಕೆ ಬರೆಯಲು ಒಂದು ವಾಕ್ಯ ಸಿಕ್ಕಿತು. ಹೀಗಾಗಿ ಹೊಸದಾಗಿ ಸೇರಿದವರ ಜೊತೆ, ಅವರ ಹಿಂದಿನ ಸಾಲಿನಲ್ಲಿ, ಅವಳೂ ಕೂತಳು. ಕೊನೆಗೆ ಒಂದು ಪರೀಕ್ಷೆಯ ಕರೆ. ಅದರಲ್ಲಿ ತಪ್ಪಿದರೆ ಮನೆಗೆ. ಕರೆ ಮಾಡುವವನು ಯಾರು? ನಾನೇ. ಸಂಬಳ ಅದಕ್ಕೇ ತಾನೆ.

ಅವಳು ಒಳಗೆ ಬಂದಾಗ “ನಮಸ್ಕಾರ ಮೇಷ್ಟ್ರೇ” ಅಂದಳು. ನನ್ನ ಹೆಗಲಿನ ಮೇಲಿಂದ ಗೋಡೆಯನ್ನು ನೋಡುತ್ತಾ ಅಂದಳು.

ನಾನು ಆ ಸುಳ್ಳು ಲಿಫ್ಟಿನ ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೂರು ಕಡೆ ಕನ್ನಡಿ. ಎಲ್ಲಿ ತಿರುಗಿದರೂ ನಾನೇ. ಆವತ್ತು ಮೇಡಂ ಕೊಟ್ಟ ಪಾತ್ರ ಉಸಿರು ಕಟ್ಟುವ ಮುದುಕನದು, ಬೇಕೆಂದೇ ಕೊಟ್ಟದ್ದು. ಗುಂಡಿ ಒತ್ತಿದೆ. ನಮ್ಮ ಮಾತು ಇಡೀ ಕೋಣೆಗೆ ಧ್ವನಿವರ್ಧಕದಲ್ಲಿ ಕೇಳುತ್ತದೆ.

“ನಮಸ್ಕಾರ, ಲಿಫ್ಟ್ ಸಹಾಯವಾಣಿ. ಒಳಗೆ ಎಷ್ಟು ಜನ ಇದ್ದೀರಿ?”

“ಒಬ್ಬನೇ” ಅಂದೆ. ಕೆಮ್ಮಬೇಕಿತ್ತು. ಕೆಮ್ಮು ಬರಲಿಲ್ಲ.

“ಮೈಯಲ್ಲಿ ಹುಷಾರಿದೆಯಾ ಸರ್? ಉಸಿರಾಟಕ್ಕೆ ಏನಾದ್ರೂ ತೊಂದರೆ?”

“ಇಲ್ಲಮ್ಮ. ಒಂದು ಮಾತು ಹೇಳ್ಬೇಕು.”

“ಹೇಳಿ ಸರ್, ಕೇಳ್ತಿದ್ದೀನಿ.”

“ಫೆಬ್ರುವರಿಯಲ್ಲಿ ನಮ್ಮ ಮನೆ ಲಿಫ್ಟಿಂದ ನಿನಗೆ ಸುಳ್ಳು ಕರೆ ಮಾಡಿದ್ದು ನಾನು.”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ನನ್ನ ದನಿ ನಡುಗುತ್ತಿತ್ತು. ಹೊಸ ಮಕ್ಕಳಿಗೆ ಆ ನಡುಕ ಗೊತ್ತು, ಮುದುಕನ ಪಾತ್ರದ್ದು.

“ಅದನ್ನ ನೀನು ಮಧ್ಯೆ ಇಟ್ಟಾಗ ಭೇಷ್ ಅಂದಿದ್ದು ನಾನು. ಕೈತಪ್ಪಿ ಒತ್ತಿದ್ದು ಅಂತ ಬರೀ ಅಂದಿದ್ದೂ ನಾನೇ.”

ನಗು ಜೋರಾಯಿತು. ಒಬ್ಬ ಮೇಜು ಗುದ್ದಿದ. “ಮೇಷ್ಟ್ರು ಇವತ್ತು ಬೇರೆ ಲೆವೆಲ್ಲು!” ಎಂದು ಯಾರೋ ಅಂದರು. ಅಕ್ಕ, ಬದುಕಿನಲ್ಲಿ ನಾನು ಹೇಳಿದ ಅತಿ ದೊಡ್ಡ ನಿಜಕ್ಕೆ ಸಿಕ್ಕಷ್ಟು ನಗು ನನ್ನ ಯಾವ ಸುಳ್ಳಿಗೂ ಸಿಕ್ಕಿರಲಿಲ್ಲ. ಆ ನಗುವನ್ನು ಅವರಿಗೆ ಕಲಿಸಿದವನೂ ನಾನೇ. ಕನ್ನಡಿಗಳಲ್ಲಿ ಮೂರು ಮುದುಕರು ಬೆವರುತ್ತಿದ್ದರು.

ಫೋನಿನಲ್ಲಿ ಮಾತ್ರ ನಗು ಇರಲಿಲ್ಲ. ಆಮೇಲೆ ಅದೇ ದನಿ, ಒಂದು ಎಳೆಯೂ ಆಚೀಚೆಯಾಗದೆ: “ಸರ್, ಗಾಬರಿಯಾಗಬೇಡಿ. ಬಾಗಿಲನ್ನ ಬಲವಂತವಾಗಿ ತೆಗೆಯೋಕೆ ಹೋಗಬೇಡಿ. ಸಹಾಯ ಬರ್ತಾ ಇದೆ. ನಾನು ಲೈನಲ್ಲೇ ಇರ್ತೀನಿ.” ಪಾಠದಲ್ಲಿರುವ ಮಾತುಗಳು, ಅಕ್ಷರಕ್ಕೆ ಅಕ್ಷರ. ಅವಳ ಕೆಲಸ ಇದರ ಮೇಲೆ ನಿಂತಿತ್ತಲ್ಲ. ನನ್ನ ತಪ್ಪೊಪ್ಪಿಗೆಯ ನಡುವೆಯೂ ಅವಳು ಪರೀಕ್ಷೆ ಬರೆಯಲೇಬೇಕಿತ್ತು. ತಪ್ಪೊಪ್ಪಿಕೊಳ್ಳುವುದಕ್ಕೂ ನಾನು ಇದೇ ಹೊತ್ತನ್ನು ಆರಿಸಿಕೊಂಡಿದ್ದೆ, ನೋಡು. ನನಗೆ ಒಂದು ರಂಗಸ್ಥಳ ಬೇಕಿತ್ತು.

ಬಾಗಿಲು ತೆಗೆದು ಹೊರಬಂದೆ. ಚಪ್ಪಾಳೆ. ಮೇಡಂ ಮುಖದಲ್ಲೂ ನಗುವಿತ್ತು. “ಇದು ಹೊಸ ಪಾತ್ರವಾ ಮೇಷ್ಟ್ರೇ? ನನಗೆ ಹೇಳೇ ಇರಲಿಲ್ಲ!”

“ಪಾತ್ರ ಅಲ್ಲ” ಅಂದೆ.

ಮತ್ತೂ ನಕ್ಕರು. ಆಗ ಮೇಡಂ ಹತ್ತಿರ ಹೋಗಿ, ಧ್ವನಿ ತಗ್ಗಿಸಿ, ದಿನಾಂಕ, ನಮ್ಮ ಕಟ್ಟಡದ ಹೆಸರು, ಆ ಕರೆಯ ರೆಕಾರ್ಡ್ ಎಲ್ಲಿ ಸಿಗುತ್ತದೆ ಎಂಬುದೆಲ್ಲವನ್ನೂ ಹೇಳಿದೆ. ಅವರ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಚಪ್ಪಾಳೆಯೂ ಹಾಗೆಯೇ, ಒಬ್ಬೊಬ್ಬರದಾಗಿ ನಿಂತಿತು. ಹತ್ತಿ ಕಿವಿಯ ಯಂತ್ರ ತೆಗೆದಿರಲಿಲ್ಲ. ನಾನು ‘ಇದು ಅಭ್ಯಾಸ’ ಎಂದು ಹೇಳಿರಲಿಲ್ಲವಲ್ಲ, ಅವಳು ಕರೆ ಇಡುವಂತಿರಲಿಲ್ಲ. ಮೇಡಂ ಹೋಗಿ ಅವಳ ತಲೆಯಿಂದ ಅದನ್ನು ತೆಗೆದರು.

ನಿನ್ನ ತಮ್ಮ


ಮೇ ೧೬

ತಮ್ಮಾ,

ಓದಿದೆ. ಎರಡು ಸಲ.

ತಡವಾಯಿತು. ಆದರೂ ಹೇಳಿದೆಯಲ್ಲ ಎಂದು ಬರೆದು ನಿನ್ನ ತಲೆ ಸವರುವುದು ಸುಲಭ. ಸವರುವುದಿಲ್ಲ. ಆ ‘ಈಗಿನ ಮಕ್ಕಳು’ ನನ್ನ ಗಂಟಲಲ್ಲಿ ನಿಂತಿದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೂ ಅದರಲ್ಲಿ ಪಾಲು ಬಂದ ಹಾಗಾಗಿದೆ.

ಕನ್ನಡಕದವರನ್ನು ನೋಡಿದೆಯಾ? ಇನ್ನೂ ಇಲ್ಲವಾದರೆ ಈ ಕಾಗದ ಮಡಿಚಿಟ್ಟು ಹೊರಡು. ಹೋಗಿ ತಮಾಷೆ ಮಾಡಬೇಡ.

ಅಕ್ಕ


ಜೂನ್ ೩

ಅಕ್ಕಾ,

ಹೋಗಿದ್ದೆ. ಅವರ ಮಗಳು ಬಾಗಿಲು ತೆಗೆದಳು. ನಾನು ಯಾರೆಂದು ಹೇಳಿದೆ. ಬಹಳ ಹೊತ್ತು ಅಲ್ಲೇ ನಿಲ್ಲಿಸಿದಳು, ಆಮೇಲೆ ದಾರಿ ಬಿಟ್ಟಳು.

ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಮೂಗಿಗೆ ನಳಿಕೆ, ಪಕ್ಕದಲ್ಲಿ ಗುರ್ ಎನ್ನುವ ಯಂತ್ರ. ಎಲ್ಲ ಹೇಳಿದೆ. ಅವರು ಕೇಳುತ್ತಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನನ್ನನ್ನು ಸರಿಯಾಗಿ ನೋಡುವುದಕ್ಕಿರಬೇಕು.

“ನೀವೂ ತಮಾಷೆಯವರಾ?” ಅಂದರು.

ತಲೆಯಾಡಿಸಿದೆ.

“ನನಗೆ ಹೆದರಿಕೆ ಆದಾಗಲೇ ತಮಾಷೆ ಬರೋದು” ಅಂದರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳಬೇಕು. “ಆ ಹುಡುಗಿ ನಕ್ಕಳು. ನಕ್ಕಳಲ್ಲ, ಇನ್ನೇನು ಸಹಾಯ ಬಂತು ಅಂದ್ಕೊಂಡೆ.”

ಕ್ಷಮಿಸಿ ಅನ್ನುವುದಕ್ಕೆ ಹೋಗಿದ್ದೆ. ಅದನ್ನು ಅಂದೆ ಕೂಡ. ಅವರು, “ನೀರು ಕುಡೀತೀರಾ?” ಎಂದರು, ಅಷ್ಟೇ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನೀರು ಕುಡಿದು ಬಂದೆ.

ಕಂಪನಿ ನನ್ನನ್ನು ಬಿಡಿಸಿತು. ಬಿಡಿಸಲೇಬೇಕಿತ್ತು. ನಾನು ಬರೆದುಕೊಟ್ಟ ಹೇಳಿಕೆಯನ್ನು ಇಟ್ಟುಕೊಂಡರು, ಸಂಘಕ್ಕೆ ಕಳಿಸಲಿಲ್ಲ. ಅಲ್ಲಿಗೆ ಹೋದದ್ದು ‘ಸಿಬ್ಬಂದಿಗೆ ಸೂಕ್ತ ತರಬೇತಿ ನೀಡಲಾಗಿದೆ’ ಎನ್ನುವ ಸಾಲೇ. ಮೇಡಂ ಆ ಸಾಲು ಬೇಡವೆಂದು ಜಗಳವಾಡಿದರಂತೆ, ಸೋತರು. ಆದರೆ ಹತ್ತಿಯ ಮೇಲಿನ ದೂರನ್ನು ಹಿಂತೆಗೆಸಿದರು. ಅವಳು ಮೇಲಿನ ಹಾಲ್‌ಗೆ, ತನ್ನ ಮೇಜಿಗೆ ಹಿಂತಿರುಗಿದ್ದಾಳೆ. ಪೆಟ್ಟಿಗೆಯೊಳಗೆ ಈಗ ಮೇಡಂ ತಾವೇ ಕೂರುತ್ತಾರೆ. ಅವರ ನಟನೆ ಬಹಳ ನೀರಸ ಎಂದು ಮಕ್ಕಳ ದೂರು. ಒಳ್ಳೆಯದಾಯಿತು.

ನಿನ್ನೆ ನನ್ನ ಸಾಮಾನು ತರಲು ಹೋಗಿದ್ದೆ. ಕೆಳಗೆ, ಬಸ್ ನಿಲ್ಲುವಲ್ಲಿ ಹತ್ತಿ ಸಿಕ್ಕಳು. ಹತ್ತಿ ಎಂದು ಕರೆಯಲು ಬಾಯಿ ಬರಲಿಲ್ಲ, “ಏನಮ್ಮ” ಅಂದೆ. ಅವಳು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ನನ್ನ ಮೇಲೆ ಕೂಗಾಡಿದ್ದರೆ ಸಲೀಸಾಗಿತ್ತು.

“ಆವತ್ತೇ ನನ್ನ ಹೆಸರು ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ನೀವು ಹೇಳ್ತೀರ ಅಂದ್ಕೊಂಡಿದ್ದೆ” ಅಂದಳು. “ಆಮೇಲೆ ನೀವು ಹೇಳಲಿಲ್ಲವಲ್ಲ, ಹಾಗಾದರೆ ಬಹುಶಃ ತಪ್ಪು ನನ್ನದೇ ಇರಬೇಕು ಅನ್ನಿಸ್ತು.”

ಬಸ್ಸು ಬರುತ್ತಿರುವುದು ಕಂಡಿತು. ಅವಳು ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿದಳು.

“ಮೇಷ್ಟ್ರೇ, ಈಗಲೂ ಯಾವುದೇ ಕರೆ ಬಂದ್ರೂ ಮೊದಲು ನಿಮ್ಮ ದನಿ ಇದೆಯಾ ಅಂತ ಕಿವಿ ಹುಡುಕುತ್ತೆ. ಯಾರೋ ಅಲ್ಲಿ ಅಳ್ತಿರ್ತಾರೆ, ನಾನು ಇಲ್ಲಿ ಇದು ನೀವಾ ಅಲ್ವಾ ಅಂತ ನೋಡ್ತಿರ್ತೀನಿ. ಇದನ್ನ ಮರೆಯೋಕೆ ಏನಾದ್ರೂ ತರಬೇತಿ ಇದೆಯಾ?”

ಕೊಂಕಲ್ಲ, ಅಕ್ಕ. ನಿಜವಾಗಿ ಕೇಳಿದಳು, ನನಗೆ ಗೊತ್ತಿರಬಹುದು ಎಂದುಕೊಂಡು. ನಾನು ಮೇಷ್ಟರಲ್ಲವೇ. ಬಸ್ಸು ನಿಂತಿತು, ಜನ ಇಳಿದರು, ಜನ ಹತ್ತಿದರು. ಅವಳು ಕೊನೆಯವರೆಗೂ ಹತ್ತದೆ ನನ್ನ ಬಾಯನ್ನೇ ನೋಡುತ್ತಾ ಕಾದಳು.

“ಗೊತ್ತಿಲ್ಲಮ್ಮ” ಅಂದೆ.

ನಿನ್ನ ತಮ್ಮ